ನೆಲಕ್ಕಿಳಿಸಿ ಬಿಗಿಯಬೇಕಾದ ಬೋಲ್ಟುಗಳು

ಕಾರು ಸಂಜೆಗೆ ರೆಡಿ ಎಂದು ಮೆಕ್ಯಾನಿಕ್ ಹೇಳಿದ್ದರೂ ನಾನು ಮಧ್ಯಾಹ್ನವೇ ಗ್ಯಾರೇಜಿಗೆ ಹೋದೆ. ನಾಳೆಯಿಂದ ಇಲ್ಲಿಗೆ ಬರಲು ನನಗೆ ಯಾವ ನೆಪವೂ ಇರುವುದಿಲ್ಲ.

ಅಪ್ಪನ ಹಳೆಯ ಸ್ಪೋರ್ಟ್ಸ್ ಕಾರು. ಹಿಂಬದಿಯ ಸಸ್ಪೆನ್ಷನ್ನಿನ ಕೀಲುಗಳಲ್ಲಿದ್ದ ರಬ್ಬರ್ ಬುಶ್‌ಗಳು ಸವೆದು, ತಿರುವು ಬಂದರೆ ಹಿಂಭಾಗ ತೂರಾಡುತ್ತಿತ್ತು. ಮಂಡಿನೋವಿನ ಅಪ್ಪ, "ನೀನೇ ಕೂತು ಮಾಡಿಸ್ಕೊಂಡು ಬಾ" ಎಂದು ಕಾರಿನ ದಪ್ಪ ರಿಪೇರಿ ಮ್ಯಾನ್ಯುಯಲ್ ಕೈಗೆ ಕೊಟ್ಟಿದ್ದರು. ಹನ್ನೊಂದು ದಿನದಿಂದ ನಾನು ಸ್ಟೂಲಿನ ಮೇಲೆ, ಅವನು ಕಾರಿನ ಕೆಳಗೆ. ಪುಟದ ಅಂಚಿನಾಚೆ ನಾನು ಓದಿದ್ದೆಲ್ಲ ಅವನ ಹುಬ್ಬಿಗಂಟಿದ ಗ್ರೀಸನ್ನು.

"ಏನ್ ಮೇಡಂ, ಪರೀಕ್ಷೆ ಇದೆಯಾ?"

"ಇಲ್ವಲ್ಲ..."

"ಅರ್ಧ ಗಂಟೆಯಿಂದ ಒಂದೇ ಪುಟ ಓದ್ತಿದ್ದೀರಿ!"

ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ನಿಜವಾಗಿಯೂ ಓದಿದೆ: ಕಾರು ಚಕ್ರಗಳ ಮೇಲೆ ನಿಂತ ಮೇಲೆಯೇ ಬುಶ್‌ಗಳ ಬೋಲ್ಟುಗಳನ್ನು ಪೂರ್ತಿ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಹಿಂದಿನ ಚಕ್ರಗಳು ಇನ್ನೂ ಗಾಳಿಯಲ್ಲಿದ್ದವು. ಅವನಾಗಲೇ ಎಲ್ಲ ಬಿಗಿದು ಕೈ ಒರೆಸಿಕೊಳ್ಳುತ್ತಿದ್ದ.

ರಬ್ಬರ್ ಹರಿದರೆ ಕಾರು ಮತ್ತೆ ಇಲ್ಲಿಗೇ ಬರುತ್ತದೆ. ಜೊತೆಗೆ ನಾನೂ.

ಸುಮ್ಮನಿದ್ದುಬಿಡಲೇ? ಆದರೆ ಆಗ ಅಪ್ಪ ಬೈಯುವುದು ಅವನ ಕೆಲಸವನ್ನು. ಮ್ಯಾನ್ಯುಯಲನ್ನು ಅವನತ್ತ ತಿರುಗಿಸಿ ಹಿಡಿದೆ.

"ನೋಡಿ... ಮೇಲಿದ್ದಾಗ್ಲೇ ಟೈಟ್ ಮಾಡಿಬಿಟ್ರಿ."

ಅವನು ನಾಲಿಗೆ ಕಚ್ಚಿಕೊಂಡ. "ಹತ್ತು ವರ್ಷದಲ್ಲಿ ಈ ತಪ್ಪು ಮಾಡಿರ್ಲಿಲ್ಲ. ಕಣ್ಣು ಬೇರೆ ಕಡೆ ಇದ್ರೆ ಹೀಗೇ." ಯಾವ ಕಡೆ ಎಂದು ಹೇಳಲಿಲ್ಲ.

ಎಲ್ಲ ಸಡಿಲಿಸಿ, ಕಾರನ್ನು ಚಕ್ರಗಳ ಮೇಲೆ ನಿಲ್ಲಿಸಿ, ಅದರ ಕೆಳಗೆ ನೆಲದಲ್ಲಿ ತೋಡಿದ್ದ ಗುಂಡಿಗಿಳಿದ.

"ಡ್ರೈವರ್ ಸೀಟಲ್ಲಿ ಕೂತ್ಕೊಳ್ಳಿ. ಭಾರ ಬೇಕು."

"ನಾನೇನು ಅಷ್ಟೊಂದು ಭಾರ ಇಲ್ಲ."

"ಇರೋಷ್ಟು ಸಾಕು ಬನ್ನಿ."

ಕೂತೆ. ಬೆನ್ನ ಹಿಂದೆ, ಕೆಳಗೆಲ್ಲೋ ಸ್ಪ್ಯಾನರಿನ ಟಕಟಕ. ಮುಖ ಕಾಣದಿದ್ದರೆ ನನಗೂ ಮಾತು ಬರುತ್ತದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸ್ಟೀರಿಂಗಿಗೆ ಹೇಳಿದೆ: "ಹೇಳ್ದೆ ಇರೋಣ ಅಂದ್ಕೊಂಡಿದ್ದೆ. ಹಾಳಾದ್ರೆ ಮತ್ತೆ ಬರಬಹುದಲ್ಲ ಅಂತ."

ಟಕಟಕ ನಿಂತಿತು.

"ಮತ್ಯಾಕೆ ಹೇಳಿದ್ರಿ?"

"ನಿಮಗೆ ಕೆಟ್ಟ ಹೆಸರು ಬರಬಾರದು ಅಂತ."

ಸ್ಪ್ಯಾನರ್ ಮತ್ತೊಂದು ಸುತ್ತು ತಿರುಗಿತು. ಆಮೇಲೆ ಮೆಲ್ಲಗೆ, "ನಾಳೆ ಕಾರು ತರಬೇಡಿ. ನೀವು ಬನ್ನಿ."

"ಹೂಂ" ಎಂದೆನೋ, ಬರೀ ಉಸಿರು ಬಿಟ್ಟೆನೋ.

ಕೊನೆಯ ಬೋಲ್ಟೂ ಬಿಗಿದಾಯಿತು. ನಾನು ಸೀಟಿನಿಂದ ಇಳಿಯಲಿಲ್ಲ. ಅವನೂ ಇಳಿಯಿರಿ ಎನ್ನಲಿಲ್ಲ.