ಕರಿಪುಡಿಯ ಆರು ಪೊಟ್ಟಣ

ಸೋಮವಾರ ಬೆಳಿಗ್ಗೆ ಸವಣೂರು ಠಾಣೆಗೆ ಬಂದ ಪ್ರೊಫೆಸರ್ ರುದ್ರೇಶ ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವರ ಕಾಲೇಜಿನ ಪ್ರಯೋಗಾಲಯದಿಂದ ಆರು ಸೂಪರ್‌ಕೆಪಾಸಿಟರ್ ಪೊಟ್ಟಣಗಳು ಕಳುವಾಗಿದ್ದವು. ಮರುದಿನವೇ ಶಾಲಾ ಮಕ್ಕಳೆದುರು ಅವುಗಳ ಪ್ರದರ್ಶನವಿತ್ತು. ಇನ್‌ಸ್ಪೆಕ್ಟರ್ ತನುಜಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಇಜಾಜನೊಂದಿಗೆ ಸ್ಥಳಕ್ಕೆ ಹೋದರು.

"ಅವು ಏನ್ ಮಾಡ್ತಾವ್ರಿ?" ತನುಜಾ ಕೇಳಿದರು.

"ಬ್ಯಾಟರಿ ಹಂಗ ಕರೆಂಟ್ ಕೂಡಿಸಿಡ್ತಾವ್ರಿ. ಆದ್ರ ನಿಮಿಷದಾಗ ತುಂಬ್ತಾವ, ಕೇಳಿದಾಗ ಒಮ್ಮೆಲೇ ಸುರೀತಾವ."

ರುದ್ರೇಶ ಒಂದು ಸೀಸೆ ತೋರಿಸಿದರು. ಕಾಳು ಬಿಡಿಸಿದ ಗೋವಿನಜೋಳದ ತೆನೆ ಸುಟ್ಟು ತಯಾರಿಸಿದ ನ್ಯಾನೊ ಇಂಗಾಲ, ಚಮಚೆಯಷ್ಟು ಕರಿಪುಡಿ; ಪೊಟ್ಟಣಗಳ ಒಳಗಿರುವುದೂ ಇದೇ. ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಕರೆಂಟು ಕೂರುವುದು ಆ ತೂತುಗಳ ಗೋಡೆಯ ಮೇಲೆ.

"ಆ ಗ್ವಾಡಿ ಎಲ್ಲಾ ಬಿಚ್ಚಿ ಹಾಸಿದ್ರ ಒಂದ್ ಎಕರೆ ಆಗ್ತದ್ರಿ."

ಒಂದೆಕರೆ ಕಳೆ ತೆಗೆಯಲು ಎಷ್ಟು ಬೆನ್ನು ಬಾಗಬೇಕೆಂಬುದನ್ನು ಹಿರೇಕೆರೂರಿನ ತವರಿನಲ್ಲಿ ಕಂಡಿದ್ದ ತನುಜಾ, ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

ಬೀಗ ಒಡೆದಿರಲಿಲ್ಲ. ಮೇಜಿನ ಮೇಲೆ ತಂತಿ ಜೋಡಿಸಿದ ಬಲ್ಬೊಂದಿತ್ತು.

"ಇದು?"

"ಪೊಟ್ಟಣದಾಗಿನ ಕರೆಂಟ್ ಖಾಲಿ ಮಾಡಾಕ್ರಿ. ನಾ ಹೋಗುವಾಗ ಕಪಾಟಿನಾಗಿತ್ತು."

ಕಳ್ಳತನಕ್ಕೆ ಬಂದವರು ಸಾವಧಾನವಾಗಿ ಕರೆಂಟು ಇಳಿಸಿ ಒಯ್ದಿದ್ದಾರೆ. ಬಲ್ಲವರದೇ ಕೈ.

"ಇನ್ನೊಂದು ಕೀಲಿ ಯಾರ ಹತ್ರ ಅದ?"

"ನನ್ನ ಸಂಶೋಧನಾ ವಿದ್ಯಾರ್ಥಿ ಹೇಮಾ. ಹುಲಗೂರಾಕಿ. ಈ ಪೊಟ್ಟಣ ತಯಾರ್ ಮಾಡಿದಾಕಿನ ಅಕಿ!"

ಹುಲಗೂರಿನಲ್ಲಿ ಹೇಮಾ ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ಮೇಡಮ್. ನಿಮ್ಮ ದಾರೀನ ನೋಡಾಕತ್ತಿದ್ದೆ."

ಹಿತ್ತಲಲ್ಲಿ ಉಸುಕು ತುಂಬಿದ ಬಕೆಟ್‌ನಲ್ಲಿ ಪೊಟ್ಟಣಗಳಿದ್ದವು. ಪಂಚರೆದುರು ಪಂಚನಾಮೆ ಶುರುವಾಯಿತು. ಅಂಗೈಯಗಲದ ಆರು ಪೊಟ್ಟಣ. ಎರಡು ಪೂರಿಯಂತೆ ಉಬ್ಬಿದ್ದವು.

"ಯಾಕ ಒಯ್ದಿ?"

"ಉಬ್ಬಿದ್ದು ಸರ್‌ಗೆ ತೋರಿಸಿದ್ದೆ. ನಡೀತದ, ಪ್ರದರ್ಶನ ಮುಗೀಲಿ ಅಂದ್ರು. ಅವು ಒಡದ್ರ ಒಳಗಿನ ರಸ ಮೈ ಸುಡ್ತದ್ರಿ. ಮಕ್ಕಳ ಕೈಯಾಗ ಕೊಡೋರಿದ್ರು."

"ನಮಗ ಹೇಳಬೇಕಿತ್ತು."

"ಹೇಳಿದ್ರ ನಂಬ್ತಿದ್ರೇನ್ರಿ?"

ತನುಜಾ ಪಂಚನಾಮೆಗೆ ಸಹಿ ಹಾಕಿಸಿದರು. ಕಳವಿನ ಆರೋಪದ ಮೇಲೆ ಹೇಮಾಳನ್ನು ಬಂಧಿಸಿ ಹೊರಗೆ ಕರೆತಂದರೆ, ಜೀಪು ಚಾಲೂ ಆಗಲಿಲ್ಲ. ಬ್ಯಾಟರಿ ಕೈಕೊಟ್ಟಿತ್ತು. ಇಜಾಜ ನೂಕಲು ಜನರನ್ನು ಕರೆಯತೊಡಗಿದ.

"ಉಬ್ಬದ್ದೊಂದು ಕೊಡ್ರಿ," ಎಂದಳು ಹೇಮಾ.

ತನುಜಾ ಪಂಚರ ಮುಖ ನೋಡಿದರು. ಅವರು ತಲೆಯಾಡಿಸಿದರು. ಹೇಮಾ ಪೊಟ್ಟಣವನ್ನು ಬ್ಯಾಟರಿಗೆ ಜೋಡಿಸಿ ತುಸು ಕಾದಳು. "ಬ್ಯಾಟರಿಯಾಗ ಉಳಿದಷ್ಟನ್ನ ಜಗ್ಗಿಕೊಳ್ಳಾಕತ್ತದ್ರಿ. ಈಗ ಕೀಲಿ ತಿರುವ್ರಿ."

ಎಂಜಿನ್ ಒಂದೇ ಏಟಿಗೆ ಗುಡುಗಿತು. "ಯಾ ಅಲ್ಲಾ!" ಎಂದು ಇಜಾಜ ಹಿಂದೆ ಸರಿದ. ಅಷ್ಟು ದೊಡ್ಡ ಗಾಡಿಯನ್ನು ಎಬ್ಬಿಸಿದ ಪೊಟ್ಟಣದ ಮೇಲೆ ತನುಜಾ ಕೈಯಿಟ್ಟರು. ಅದು ಬೆಚ್ಚಗೂ ಆಗಿರಲಿಲ್ಲ. ಅವರ ಮೈ ಜುಮ್ಮೆಂದಿತು.

ಉಬ್ಬಿದವನ್ನು ಕಂಡೂ ಸುಮ್ಮನಿದ್ದುದನ್ನು ರುದ್ರೇಶ ಸಂಜೆಯ ವಿಚಾರಣೆಯಲ್ಲಿ ತಲೆತಗ್ಗಿಸಿ ಒಪ್ಪಿಕೊಂಡರು. ಪ್ರದರ್ಶನ ನಿಂತಿತು. ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಮೊದಲು ಹೇಮಾಳ ಹೇಳಿಕೆ ಪಡೆಯಲಾಯಿತು.

"ಮತ್ತೇನರೆ ಹೇಳೋದೈತೇನು?"

"ನಾ ಮಾಡಿದ್ದು ಮೊದಲ ಸಲ ಮಂದಿಗೆ ಗೊತ್ತಾಗೋದು ಒಂದ್ ಕೂಸಿನ ಸುಟ್ಟ ಕೈಯಿಂದ ಆಗಬಾರ್ದಿತ್ರಿ."

ತನುಜಾ ಆ ಮಾತನ್ನು ಒಂದಕ್ಷರವೂ ತಿದ್ದದೆ ಬರೆಸಿದರು.