ಮೂರನೇ ಗುಂಡಿಯ ಕೆಳಗೆ

"ಕೋಟು ಬಾಡಿಗೆದು."

ಅವಳು ಹೇಳಿದ್ದು ಅಷ್ಟೇ. ಕಣ್ಣಿಗೆ ಹಿಡಿದ ಲೆನ್ಸನ್ನು ಕೆಳಗಿಳಿಸಲೂ ಇಲ್ಲ.

ಟೇಬಲ್ಲಿನ ಆ ಕಡೆ ನಿಂತಿದ್ದವನ ಮುಖದ ಮೇಲಿನ ನಗು ಹಾಗೇ ಅಂಟಿಕೊಂಡು ಉಳಿಯಿತು. ಅವನ ಪಕ್ಕದಲ್ಲಿ ಅವನ ಅಮ್ಮ, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು. ಇಬ್ಬರ ಮುಂದೆ, ಟೇಬಲ್ಲಿನ ಮೇಲೆ, ಬೆರಳುದ್ದದ ಒಬ್ಬ ಸೈನಿಕ.

ಬೊಂಬೆ ಮಾಡುವವರ ಕ್ಲಬ್ಬು ನಡೆಸುವ ಪುಟಾಣಿ ಸೈನಿಕರ ಸ್ಪರ್ಧೆ ಅದು. ಬೆರಳುದ್ದದ ಬೊಂಬೆಯ ಮೇಲೆ ಗುಂಡಿ, ಪಟ್ಟಿ, ಹೊಲಿಗೆ ಎಲ್ಲ ನಿಜವಾದ ಸಮವಸ್ತ್ರದಲ್ಲಿ ಇದ್ದ ಹಾಗೇ ಇರಬೇಕು. ತೀರ್ಪುಗಾರ್ತಿ ಅವಳು. ಮ್ಯೂಸಿಯಮ್ಮಿನಲ್ಲಿ ಹಳೇ ಸಮವಸ್ತ್ರಗಳ ಕೋಣೆ ನೋಡಿಕೊಳ್ಳುವವಳು. ಬೆನ್ನ ಹಿಂದೆ ಎಲ್ಲರೂ ಕರೆಯುವುದು ಲೆನ್ಸಮ್ಮ ಅಂತ. ಹತ್ತಕ್ಕೆ ಹತ್ತು ಕೊಟ್ಟ ದಾಖಲೆಯೇ ಇಲ್ಲ, ಪುಣ್ಯಾತ್ಗಿತ್ತಿ.

ಅವನು ಹಲ್ಲಿನ ಸೆಟ್ಟು ಮಾಡುವವನು. ಆದ್ದರಿಂದ ಕ್ಲಬ್ಬಿನಲ್ಲಿ ಅವನ ಹೆಸರು ಹಲ್ಲುಸೆಟ್ಟು. ಅದನ್ನು ಮಾತ್ರ ಮುಖದ ಮೇಲೇ ಕರೆಯುತ್ತಿದ್ದರು.

"ಬಾಡಿಗೆದು ಅಂದ್ರೆ ಏನಮ್ಮಾ?" ಅವನ ಅಮ್ಮ ಕೇಳಿದರು.

"ಕಾಲರಿನ ಬ್ಯಾಡ್ಜು ಒಂದು ರೆಜಿಮೆಂಟಿಂದು, ಗುಂಡಿ ಇನ್ನೊಂದು ರೆಜಿಮೆಂಟಿಂದು. ತೋಳು ನೋಡಿ, ಬೆರಳ ತನಕ ಇಳಿದಿದೆ. ಫೋಟೋ ಸ್ಟುಡಿಯೋದಲ್ಲಿ ಮೊಳೆಗೆ ನೇತುಹಾಕಿರ್ತಾರಲ್ಲ, ಆ ಥರದ್ದು. ಯಾರು ಬೇಕಾದ್ರೂ ಹಾಕ್ಕೊಂಡು ಸೈನಿಕ ಆಗ್ಬಹುದು."

"ಮೇಡಂ, ಇದು ನಮ್ಮಪ್ಪ," ಎಂದ ಅವನು. "ಫೋಟೋ ನೋಡ್ಕೊಂಡೇ ಮಾಡಿದ್ದು. ಒಂದು ಗೆರೆನೂ ನಾನು ಸೇರಿಸಿಲ್ಲ."

"ಹಾಗಾದ್ರೆ ಸುಳ್ಳು ಹೇಳಿದ್ದು ನೀವಲ್ಲ. ಅವ್ರು."

ಹತ್ತಕ್ಕೆ ನಾಲ್ಕು ಎಂದು ಬರೆದು ಅವಳು ಮುಂದಿನ ಟೇಬಲ್ಲಿಗೆ ಹೋದಳು. ಹಿಂದೆ ಯಾರೋ ಕಿಸಕ್ಕೆಂದರು.

ಅವಳಿಗೆ ಗೊತ್ತಿರಲಿಲ್ಲ... ಆ ಮನೆಯಲ್ಲಿ ಆ ಫೋಟೋ ಏನಾಗಿತ್ತು ಅಂತ. ಮಗ ಒಂದು ವರ್ಷದವನಿದ್ದಾಗ ಉತ್ತರದ ಗುಡ್ಡದ ಯುದ್ಧಕ್ಕೆ ಹೋಗುತ್ತೇನೆಂದು ಹೋದವರು ಅವನ ಅಪ್ಪ. ಒಂದು ಸಲ ರಜೆಗೆ ಬಂದರು, ಫೋಟೋ ತೆಗೆಸಿಕೊಟ್ಟು ವಾಪಸ್ ಹೋದರು. ಆಮೇಲೆ ಸತ್ತರೆಂಬ ಕಾಗದವೂ ಬರಲಿಲ್ಲ, ಅವರೂ ಬರಲಿಲ್ಲ. ಯುದ್ಧವೂ ಇಲ್ಲ ಏನೂ ಇಲ್ಲ, ಯಾರ ಜೊತೆಗೋ ಓಡಿಹೋಗಿದ್ದಾನೆ ಎಂದು ಬೀದಿ ಮಾತಾಡಿತು. ಇಪ್ಪತ್ತೇಳು ವರ್ಷ ಅಮ್ಮ ಆ ಬೀದಿಗೆಲ್ಲ ಕೊಟ್ಟ ಉತ್ತರ ಒಂದೇ. ಗೋಡೆಯ ಮೇಲಿನ ಆ ಫೋಟೋ.

ಸೋಮವಾರ ಅವನು ಮ್ಯೂಸಿಯಮ್ಮಿಗೆ ಬಂದ.

"ಅಮ್ಮ ಫೋಟೋನ ಚೌಕಟ್ಟಿಂದ ಬಿಚ್ಚಿ ಗ್ಯಾಸ್ ಒಲೆ ಮೇಲೆ ಹಿಡಿದ್ರು. ನಾನು ತಡೆಯೋಷ್ಟರಲ್ಲಿ ಬೂದಿ. ಈಗ ಯಾರಾದ್ರೂ ಕೇಳಿದ್ರೆ, 'ಓಡಿಹೋದ' ಅಂತ ಅವ್ರೇ ಹೇಳ್ತಾರೆ. ಖುಷಿನಾ ಮೇಡಂ?"

ಅಯ್ಯೋ, ಎಂದಿತು ಅವಳ ಮನಸ್ಸು. ಕ್ಷಮಿಸಿ ಅನ್ನು, ಒಂದೇ ಒಂದು ಮಾತು ಅನ್ನು...

ಬಾಯಿಂದ ಬಂದದ್ದೇ ಬೇರೆ. "ಸುಳ್ಳಾಗಿದ್ರೆ ಸುಟ್ಟಿದ್ದೇ ಒಳ್ಳೇದು."

ಅವನು ಅವಳನ್ನೇ ನೋಡಿದ. ಅವಳ ಎಡ ದವಡೆಯ ಮೇಲೆ, ಕೂದಲು ಸರಿದ ಕಡೆ, ಬಿಸಿನೀರು ಬಿದ್ದ ಹಳೇ ಕಲೆ. ಎಷ್ಟೋ ವರ್ಷಗಳಿಂದ ಕೂದಲಲ್ಲಿ ಮುಚ್ಚಿಟ್ಟುಕೊಂಡಿದ್ದದ್ದು.

"ಸುಟ್ಟಿದ್ದರ ಬಗ್ಗೆ ನಿಮ್ಗೆ ಚೆನ್ನಾಗೇ ಗೊತ್ತಿರ್ಬೇಕು," ಎಂದ.

ಅವಳು ಕೂದಲು ಎಳೆದುಕೊಂಡಳು. ಅಷ್ಟು ಹೊತ್ತಿಗೆ ಅವನು ಹೋಗಿಯಾಗಿತ್ತು.

ಇಷ್ಟಾದ ಮೇಲೆ ಇನ್ನು ಈ ಕಡೆ ತಲೆ ಹಾಕಲಾರ ಎಂದುಕೊಂಡಳು. ಆದರೆ ಶನಿವಾರ ಬಂದ. ಮುಂದಿನ ಶನಿವಾರವೂ ಬಂದ. ಸಮವಸ್ತ್ರಗಳ ಕೋಣೆಯ ಬೆಂಚಿನ ಮೇಲೆ ಕೂತು, ಪುಸ್ತಕ ತೆರೆದು, ಮಾತಿಲ್ಲದೆ ಪೆನ್ಸಿಲ್ ಆಡಿಸುತ್ತಿದ್ದ. ಸಂಜೆ ಎದ್ದು ಹೋಗುತ್ತಿದ್ದ. ಕೋಟುಗಳ ನಕಲು ತೆಗೆಯುತ್ತಿದ್ದಾನೆ ಎಂದುಕೊಂಡಳು ಅವಳು.

ಅವನ ಅಪ್ಪನನ್ನು ಸುಳ್ಳ ಅಂದವಳು ನಾನು. ಅವನಿಗೋಸ್ಕರ ಶನಿವಾರ ಎರಡು ಸಲ ತಲೆ ಬಾಚಿಕೊಳ್ಳುತ್ತೇನಲ್ಲ, ನನಗೆ ನಾಚಿಕೆ ಇಲ್ಲವಾ?

ಒಂದು ಶನಿವಾರ ಅವನು ಬರಲಿಲ್ಲ. ಅವಳು ಕಿಟಕಿಗೆ ಹೋಗಿದ್ದು ಹನ್ನೊಂದು ಸಲ.

"ಮೇಡಂ, ಗಾಜು ಸವೆದುಹೋಗುತ್ತೆ," ಎಂದ ಕಾವಲುಗಾರ. ಅವಳು ಅವನಿಗೆ ನಾಲ್ಕು ಅಲಮಾರಿ ಒರೆಸುವ ಕೆಲಸ ಕೊಟ್ಟಳು.

ಹೀಗೇ ವರ್ಷ ಉರುಳಿತು. ಮತ್ತೆ ಸ್ಪರ್ಧೆ ಬಂತು.

ಹಾಲಿನೊಳಗೆ ಕಾಲಿಡುತ್ತಲೇ ಅವಳಿಗೆ ನಗು ಕೇಳಿಸಿತು. ಹನ್ನೆರಡನೇ ಟೇಬಲ್ಲಿನ ಸುತ್ತ ಜನ. ಅವಳನ್ನು ಕಂಡು ದಾರಿ ಬಿಟ್ಟರು. ಬಾಯಿ ಮುಚ್ಚಿಕೊಂಡರು, ಭುಜ ಮಾತ್ರ ಕುಲುಕುತ್ತಿತ್ತು.

ಟೇಬಲ್ಲಿನ ಮೇಲೆ ಅವಳೇ ಇದ್ದಳು.

ಒಂದು ಗೇಣು ಎತ್ತರ. ಬಗ್ಗಿದ ಬೆನ್ನು, ಕೈಯಲ್ಲಿ ಲೆನ್ಸು. ಕೂದಲು ಸರಿದ ಎಡ ದವಡೆಯ ಮೇಲೆ ಕಲೆ, ಇಡೀ ಊರು ನೋಡುವ ಹಾಗೆ. ಅವಳ ಮುಂದೆ ಹೋದ ವರ್ಷದ ಅದೇ ಬೆರಳುದ್ದದ ಸೈನಿಕ. ಕೆಳಗೆ ಒಂದು ಫಲಕ: 'ತೀರ್ಪು'.

ಟೇಬಲ್ಲಿನ ಹಿಂದೆ ಅವನು, ಕೈ ಕಟ್ಟಿಕೊಂಡು.

"ನೋಡಿ ಮೇಡಂ. ನಿಮ್ಮ ಕೆಲಸ ಅಲ್ವಾ ಇದು?"

ಓಡಿಹೋಗು ಎಂದಿತು ಕಾಲು. ಬೀಳಿಸಿ ಒಡೆದುಹಾಕು ಎಂದಿತು ಕೈ. ಆದರೆ ಅವಳು ಲೆನ್ಸಮ್ಮ ಅಲ್ಲವೇ? ಲೆನ್ಸು ತೆಗೆದಳು. ಬಗ್ಗಿದಳು.

ಕಚ್ಚಿದ ಉಗುರು, ಹೆಬ್ಬೆರಳಿನದು ಮಾತ್ರ. ಮೊಣಕೈ ಹತ್ತಿರ ಇಸ್ತ್ರಿ ಕೂರದ ಮಡಿಕೆ. ಕತ್ತಿನ ಸರಕ್ಕೆ ಸಿಕ್ಕಿಸಿದ ಕಪಾಟಿನ ಕೀ. ಮುಖ ಬಿಟ್ಟು ಎಲ್ಲ ನೋಡಿದಳು. ಅವಳು ಕನ್ನಡಿಯಲ್ಲೂ ತನ್ನ ಮುಖ ನೋಡುವವಳಲ್ಲ.

"ಒಂದು ತಪ್ಪಿದೆ," ಎಂದಳು. "ಚಪ್ಪಲಿ ಬಾರಿಗೆ ಪಿನ್ ಹಾಕಿರೋದು ಎಡಗಾಲಿಗೆ. ಇಲ್ಲಿ ಬಲಗಾಲಿಗಿದೆ."

"ಹೋದ ಶನಿವಾರದ ತನಕ ಎಡಗಾಲಿಗೇ ಇತ್ತು. ಅದನ್ನ ಹೊಲಿಸಿದ್ರಿ, ಅಷ್ಟರಲ್ಲಿ ಬಲಗಾಲಿಂದು ಕಿತ್ತುಹೋಯ್ತು. ನಿನ್ನೆ ನೋಡ್ದೆ, ರಾತ್ರಿ ಕೂತು ಬದಲಾಯಿಸ್ದೆ."

ಅವಳು ಬಗ್ಗಿ ತನ್ನ ಕಾಲು ನೋಡಿಕೊಂಡಳು.

ಪಿನ್ನು ಬಲಗಾಲಿಗಿತ್ತು.

ಇವನು ವರ್ಷವಿಡೀ ನೋಡಿದ್ದು ಕೋಟುಗಳನ್ನಲ್ಲ...

ಹಾಳೆ ತೆಗೆದು ಅಂಕ ಬರೆದಳು. ಕ್ಲಬ್ಬಿನ ಅಧ್ಯಕ್ಷರಾದ ಮೀಸೆ ಮೇಷ್ಟ್ರು ಇಣುಕಿ ನೋಡಿದರು. "ಮೇಡಂ, ಕೈ ಜಾರಿ ಒಂದು ಸೊನ್ನೆ ಜಾಸ್ತಿ ಬಿತ್ತೇನೋ."

"ಇಲ್ಲ ಮೇಷ್ಟ್ರೇ. ಹತ್ತೇ."

ಈಗ ಯಾರೂ ನಗಲಿಲ್ಲ. ಅವನ ಕಟ್ಟಿದ ಕೈ ತಾನಾಗಿ ಬಿಚ್ಚಿಕೊಂಡಿತು.

ಅವಳು ಮಾತ್ರ ಇನ್ನೂ ಬಗ್ಗಿಯೇ ಇದ್ದಳು. ಬೊಂಬೆಯ ಕೈಯಲ್ಲಿನ ಲೆನ್ಸು ಎಲ್ಲಿಗೆ ಹಿಡಿದಿದೆ ಎಂದು ನೋಡುತ್ತಿದ್ದಳು. ಸೈನಿಕನ ಕೋಟಿನ ಮೂರನೇ ಗುಂಡಿಗೆ. ಹೌದು, ಅವತ್ತು ನಾನು ನಿಲ್ಲಿಸಿದ್ದು ಅಲ್ಲೇ... ಅದರ ಕೆಳಗೆ?

ಲೆನ್ಸನ್ನು ನಿಧಾನವಾಗಿ ಇಳಿಸಿದಳು. ಪ್ಯಾಂಟು. ಮಂಡಿ. ಬೂಟು.

"ಈ ಎಡ ಬೂಟಿನ ಲೇಸು... ಕಪ್ಪು, ಹೊಳೀತಿದೆ. ಇದನ್ನ ನೀವು ಕಲ್ಪಿಸಿದ್ದಾ?"

"ನಾನು ಏನೂ ಕಲ್ಪಿಸಿಲ್ಲ ಅಂತ ಅವತ್ತೇ ಹೇಳ್ದೆ. ಫೋಟೋದಲ್ಲಿ ಹಾಗೇ ಇತ್ತು. ಯಾವುದೋ ವೈರು."

ಅವಳು ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತುಬಿಟ್ಟಳು.

ಮ್ಯೂಸಿಯಮ್ಮಿನಲ್ಲಿ ಅಂಥ ಬೂಟು ಮೂರು ಜೊತೆ ಇವೆ. ಉತ್ತರದ ಗುಡ್ಡದ ಹಿಮದಲ್ಲಿ ಲೇಸುಗಳು ಕೊಳೆತುಹೋದಾಗ, ಅಲ್ಲಿದ್ದವರು ಟೆಲಿಫೋನ್ ತಂತಿ ಕತ್ತರಿಸಿ ಕಟ್ಟಿಕೊಂಡಿದ್ದರು. ಅವುಗಳ ಚೀಟಿ ಬರೆದವಳು ಅವಳೇ.

"ಸ್ಟುಡಿಯೋದವ್ರು ಕೋಟು ಕೊಡ್ತಾರೆ," ಎಂದಳು. "ಟೋಪಿ ಕೊಡ್ತಾರೆ. ಬೂಟು ಯಾರೂ ಬಾಡಿಗೆಗೆ ಕೊಡಲ್ಲ. ಅವ್ರ ಕೋಟು ಹರಿದು ಚಿಂದಿಯಾಗಿತ್ತೇನೋ, ಹೆಂಡತಿ ಮುಂದೆ ಚೆಂದ ಕಾಣ್ಲಿ ಅಂತ ಹಾಕ್ಕೊಂಡ್ರೇನೋ... ಆದ್ರೆ ಆ ಕಾಲು ಗುಡ್ಡದ ಮೇಲಿಂದ ಇಳಿದು ಬಂದಿದ್ದೇ."

ಅವನು ಅಪ್ಪನನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ.

ಆ ಮಧ್ಯಾಹ್ನವೇ ಇಬ್ಬರೂ ಮನೆಗೆ ಹೋದರು. ಗೋಡೆಯ ಮೇಲೆ ಖಾಲಿ ಮೊಳೆ. ಅವಳು ಅದರ ಕೆಳಗೆ ನಿಂತೇ ಎಲ್ಲ ಹೇಳಿದಳು. ಅಮ್ಮ ಲೆನ್ಸು ಇಸಿದುಕೊಂಡು ಬೂಟು ನೋಡಿದರು.

"ಅವತ್ತು ಇದನ್ನ ನೋಡೋಕೆ ಏನಾಗಿತ್ತು ನಿಂಗೆ?"

"ಮೇಲೇ ತಪ್ಪು ಸಿಕ್ತು ಅಮ್ಮ. ಅಲ್ಲಿಗೇ ನಿಲ್ಲಿಸಿಬಿಟ್ಟೆ."

"ಒಂದು ವರ್ಷ... ದಿನಾ ಎದ್ದು ಅವ್ರನ್ನ ಬೈದಿದೀನಿ. ಅದೂ ಸತ್ತವ್ರನ್ನ. ಅವ್ರ ಮುಖ ಇದ್ದಿದ್ದು ಅದೊಂದೇ ಕಾಗದದಲ್ಲಿ. ಈ ಕೈಯಾರೆ ಸುಟ್ಟೆ." ಅವರು ಅಳಲಿಲ್ಲ. "ಹೊರಗೆ ಹೋಗು. ನಿನ್ನ ಮುಖ ನೋಡೋಕೆ ಆಗಲ್ಲ ನಂಗೆ."

ಅವಳು ಬಾಗಿಲ ತನಕ ಬಂದಾಗ ಹಿಂದಿನಿಂದ ದನಿ ಬಂತು.

"ಲೆನ್ಸು ಇಲ್ಲೇ ಇರ್ಲಿ. ಬೇಕಾದ್ರೆ ಇನ್ನೊಂದು ದಿನ ಬಂದು ತಗೊಂಡು ಹೋಗು."

ಹೊರಗೆ ಮೆಟ್ಟಿಲ ಮೇಲೆ ಅವನು ಬಂದು ಪಕ್ಕದಲ್ಲಿ ಕೂತ. ಅವಳು ಕಣ್ಣು ಒರೆಸಿಕೊಂಡಳು. ಲೆನ್ಸಿಲ್ಲದೆ ಕೈ ಖಾಲಿ ಖಾಲಿ ಅನ್ನಿಸುತ್ತಿತ್ತು.

"ಯಾಕೆ ಅಷ್ಟು ದಿನ ಬಂದು ನನ್ನ ನೋಡ್ತಿದ್ರಿ?"

"ಮೊದಲ ತಿಂಗಳು ದ್ವೇಷಕ್ಕೇ. ಜನರ ಮುಂದೆ ನಿಮ್ಮನ್ನ ನಿಲ್ಲಿಸ್ಬೇಕು ಅಂತ."

"ಆಮೇಲೆ?"

"ಆಮೇಲೆ ಚಪ್ಪಲಿ ಪಿನ್ನು ಕಾಣಿಸ್ತು. ಅಲ್ಲಿಗೆ ನಾನು ಕೆಟ್ಟೆ." ಅವನು ತಲೆ ತಗ್ಗಿಸಿದ. "ಸುಟ್ಟಿದ್ದರ ಬಗ್ಗೆ ಆಡಿದ ಮಾತು... ಬೀದಿ ದಾಟೋ ಮೊದಲೇ ನಾಲಿಗೆ ಕಚ್ಕೊಂಡೆ. ವಾಪಸ್ ಬಂದು ಹೇಳೋ ಧೈರ್ಯ ಇರ್ಲಿಲ್ಲ."

"ಮತ್ತೆ ಕಲೆ ಯಾಕೆ ಮಾಡಿದ್ರಿ?"

"ಬಿಟ್ಟಿದ್ರೆ ನೀವೇ ಅಂಕ ಕಳೀತಿದ್ರಿ."

ನಿಜ, ಕಳೆಯುತ್ತಿದ್ದಳು.

"ಆದ್ರೂ ಅದ್ರಲ್ಲಿ ಒಂದು ತಪ್ಪಿದೆ," ಎಂದ ಅವನು. "ನಿಮ್ಗೆ ಸಿಗ್ಲಿಲ್ಲ."

"ಏನು?"

"ತುಟಿ. ತುದಿ ಒಂಚೂರು ಮೇಲೆತ್ತಿದೆ. ಬಾಯಿಗೆ ಹಲ್ಲು ಕೂರಿಸೋದೇ ನನ್ನ ಕೆಲಸ, ಆದ್ರೂ ವರ್ಷ ಪೂರ್ತಿ ಕಾದ್ರೂ ನಿಮ್ಮ ಬಾಯಿ ನಕ್ಕಿದ್ದನ್ನ ನೋಡ್ಲಿಲ್ಲ. ಅದೊಂದನ್ನ ಮಾತ್ರ ನಾನೇ ಕಲ್ಪಿಸಿದ್ದು."

"ಹಾಗಾದ್ರೆ ಒಂಬತ್ತು," ಎಂದಳು ಅವಳು, ಮೂಗು ಎಳೆದುಕೊಳ್ಳುತ್ತ.

ಅವನು ಕಣ್ಣು ಕಿರಿದು ಮಾಡಿ, ಒಂಚೂರು ಮೇಲೆದ್ದ ಅವಳ ತುಟಿಯ ತುದಿಯನ್ನೇ ನೋಡಿದ. ಮೆಲ್ಲಗೆ ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿದ. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

"ಅಲ್ಲಾಡ್ಬೇಡ. ಹಾಗೇ ಇರು."

"ಯಾಕೆ?"

"ಹತ್ತೇ."