ಕರಗದ ಹಸಿರು ಚುಕ್ಕಿ

ಒಂದು ಮೈಕ್ರೋಸ್ಕೋಪ್... ಎರಡು ತಲೆ!

ಕೋಲಾರದ ಲ್ಯಾಬಿನ ಬಾಗಿಲಲ್ಲೇ ಚಂದ್ರಕಲಾ ನಿಂತುಬಿಟ್ಟಳು. ಅವಳ ಜೊತೆ ಸಂಶೋಧನೆ ಮಾಡುವ ಮುರಳಿಮೋಹನ್‌ನ ಭುಜಕ್ಕೆ ಭುಜ ತಾಗಿಸಿ ಅನಿತ ಕೂತಿದ್ದಳು. ಮನೆಮನೆಯಲ್ಲೂ ರೇಷ್ಮೆ ಹುಳ ಸಾಕುವ ಸುಗಟೂರಿನಲ್ಲಿ ಚಂದ್ರಕಲಾಳ ಪಕ್ಕದ ಮನೆಯ ಹುಡುಗಿ. ಪ್ರಾಜೆಕ್ಟ್‌ಗೆಂದು ಕರೆತಂದವಳೂ ಇವಳೇ!

"ಹುಳ ಹಣ್ಣಾಗಲಿ, ಆಮೇಲೆ ಮನೆಗೆ ಬನ್ನಿ," ಅನಿತ ಪಿಸುಗುಟ್ಟಿದಳು. ಮುರಳಿ ನಾಚಿ ನಕ್ಕ.

'ಅಬ್ಬಾ, ನಾಚಿಕೆ ಬೇರೆ! ಅವಳ ಮನೆಗೆ ಹೆಣ್ಣು ಕೇಳೋಕೆ ಹೋಗ್ತಾನೆ...'

ಪ್ರೀತಿ ಹೇಳಿಕೊಳ್ಳಲು ಬಾಯಿಲ್ಲ, ಉರಿಯಲು ಮಾತ್ರ ಹೊಟ್ಟೆಯಿದೆ ಈ ಹುಡುಗಿಗೆ!

ಅವಳ ಮೇಜಿನ ಮೇಲೆ ಯೀಸ್ಟ್ ಇದ್ದ ಎರಡು ಫ್ಲಾಸ್ಕ್. ಯೀಸ್ಟ್ ಕೋಶದ ನ್ಯೂಕ್ಲಿಯಸ್ಸಿನೊಳಗೆ ಕೆಟ್ಟ ಪ್ರೋಟೀನನ್ನು ಪುಡಿ ಮಾಡುವ ವ್ಯವಸ್ಥೆಯೊಂದಿದೆ. ಆ ಪ್ರೋಟೀನಿಗೆ ಹಸಿರು ಹೊಳಪು ಸೇರಿಸಿದ್ದರು. ಅದು ಪುಡಿಯಾದರೆ ಹಸಿರೂ ಮಾಯ. ಎಡಗಡೆಯ ಫ್ಲಾಸ್ಕಿಗೆ ಮಾತ್ರ, ಪುಡಿಯಾಗುವುದನ್ನು ತಡೆಯುವ ಔಷಧಿ ಹಾಕಬೇಕು. ಅಷ್ಟೇ ಕೆಲಸ. ಕಣ್ಣು ಅವರಿಬ್ಬರ ಮೇಲಿಟ್ಟೇ ಹಾಕಿದಳು.

ಮಧ್ಯಾಹ್ನ ನೋಡಿದರೆ, ಬಲಗಡೆಯ ಕೋಶಗಳಲ್ಲಿ ಹಸಿರು ಚುಕ್ಕಿ ಹಾಗೇ ಕೂತಿದೆ!

"ಅನಿತಾ! ಏನೇ ಮುಟ್ಟಿದೆ? ಬೇರೆಯವ್ರದ್ದು ಕಂಡ್ರೆ ಕೈ ಸುಮ್ನಿರಲ್ವಾ ನಿಂಗೆ?"

"ನಾನ್ ಮುಟ್ಟೇ ಇಲ್ಲ ಅಕ್ಕಾ..." ಅನಿತಳ ಕಣ್ಣು ತುಂಬಿತು.

ಮುರಳಿ ಮೈಕ್ರೋಸ್ಕೋಪಿನಿಂದ ತಲೆಯೆತ್ತಿದ. "ಎಡಗಡೆದ್ರಲ್ಲಿ ಹಸಿರೇ ಇಲ್ಲ. ಔಷಧಿ ಅದಲುಬದಲಾಗಿದೆ ಚಂದ್ರಕಲಾ. ಬೆಳಿಗ್ಗೆ ಹಾಕಿದ್ದು ನೀವೇ ಅಲ್ವಾ?"

ಅವಳ ಮುಖ ಬಿಳಿಚಿಕೊಂಡಿತು.

"ಹೌದು, ನಾನೇ! ನೀವಿಬ್ರೂ ಪಿಸುಪಿಸು ಅಂತಿದ್ರೆ ಕೈ ಎಲ್ಲಿ ನೆಟ್ಟಗಿರುತ್ತೆ? ಹೋಗಿ, ಅವಳ ಮನೆಗೇ ಹೋಗಿ ಹೆಣ್ಣು ಕೇಳಿ!"

"ಅಯ್ಯೋ ಅಕ್ಕಾ! ಇವ್ರು ಬರ್ತಿರೋದು ನಿಮ್ಮನೆಗೆ!" ಅನಿತ ಕಣ್ಣೊರೆಸಿಕೊಂಡಳು. "ನಿಮ್ಮಪ್ಪ ಆವಲಪ್ಪ ಮಾವನ್ನ ನಾಳೇನೇ ಕೇಳ್ತೀನಿ ಅಂತಿದ್ರು. ಮನೇಲಿ ರೇಷ್ಮೆ ಹುಳ ಇರೋವಾಗ ಹೊರಗಿನವ್ರು ಹೊಸಿಲು ತುಳಿದ್ರೆ ಮಾವ ಹೆಣ್ಣು ಕೊಡ್ತಾರಾ? ಹುಳಕ್ಕೆ ರೋಗ ತಂದ್ರಿ ಅಂತ ಪೊರಕೆ ತಗೋತಾರೆ! ಹುಳ ಹಣ್ಣಾಗಿ ಗೂಡು ಕಟ್ಟೋವರೆಗೂ ತಡೀರಿ ಅಂದೆ, ಅಷ್ಟೇ."

ಚಂದ್ರಕಲಾಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. "ತಪ್ಪಾಯ್ತು ಕಣೇ..." ಎಂದು ಅವಳನ್ನು ತಬ್ಬಿಕೊಂಡಳು. ಅನಿತ ಮೂಗೊರೆಸುತ್ತಾ, ಟೀ ತರುವ ನೆಪ ಹೇಳಿ ಹೊರಟಳು.

"ನ್ಯೂಕ್ಲಿಯಸ್ಸಲ್ಲಿ ಕೆಟ್ಟದ್ದು ಬೇಗ ಕರಗುತ್ತೆ," ಮುರಳಿ ಹತ್ತಿರ ಬಂದ. "ನಿಮ್ಮ ಹೊಟ್ಟೆಕಿಚ್ಚು?"

"ಕೇಳಬೇಕಾದವ್ರು ನನ್ನನ್ನೇ ಕೇಳಿದ್ರೆ... ಕರಗುತ್ತೆ."

"ನಿನ್ನ ಕಂಡ್ರೆ ನಂಗೆ ಪ್ರಾಣ ಚಂದ್ರು. ಮದ್ವೆ ಆಗ್ತೀಯಾ?"

ಮೊದಲ ಸಲ 'ನೀನು' ಅಂದಿದ್ದ! ಅವಳ ಕಣ್ಣು ತುಂಬಿ ಬಂತು.

"ಆಗ್ತೀನಿ. ಆದ್ರೆ ಇನ್ಮೇಲೆ ನಿಮ್ಮ ಪಕ್ಕ ನಾನೇ ಕೂರೋದು!"

"ಮತ್ತೆ ಔಷಧಿ ಹಾಕೋದು?"

"ಅದನ್ನ ನೀವೇ ಹಾಕಿ... ನನ್ನ ಕಣ್ಣು ನಿಮ್ಮನ್ನ ಬಿಟ್ಟು ಎಲ್ಲೂ ಹೋಗಲ್ಲ."